ಮಂದ್ರಸ್ವರದ ಸಾಧಕ ಚಾರ್ಲ್ಸ್ ಮಿಂಗಸ್

ಮನೆಯ ಅಡಿಪಾಯ ನೋಡುವವರ ಕಣ್ಣಿಗೆ ಬೀಳದು. ಸಂಗೀತಮೇಳದಲ್ಲಿ ಡಬಲ್ ಬಾಸ್ ವಾದ್ಯದ ಪಾಡೂ ಅಂಥದೇ. ಪಿಟೀಲಿನ ಕುಲದಲ್ಲಿ ಎಲ್ಲಕ್ಕಿಂತ ದೊಡ್ಡದಾದ ಈ ಮಂದ್ರಸ್ವರದ ವಾದ್ಯವನ್ನು ಜಾಜ್ ಕಲಾವಿದನು ನೆಟ್ಟಗೆ ನಿಲ್ಲಿಸಿಕೊಂಡು ಬೆರಳುಗಳಿಂದ ಮೀಟುತ್ತಾನೆ. ಲಯಕ್ಕೂ ಸ್ವರಕ್ಕೂ ಆಧಾರವಾಗಿ ಹಿಂದೆ ನಿಲ್ಲುವುದೇ ಅದರ ಧರ್ಮವೆಂದು ಬಹುಕಾಲ ಭಾವಿಸಲಾಗಿತ್ತು. ಆ ಹಿಂದಿನ ಸಾಲಿನಿಂದಲೇ ಇಡೀ ಮೇಳವನ್ನು ನಡೆಸಿ, ಅಮೆರಿಕದ ಶ್ರೇಷ್ಠ ಸಂಗೀತ ರಚನಕಾರರ ಪಂಕ್ತಿಗೆ ಸೇರಿದವನು ಚಾರ್ಲ್ಸ್ ಮಿಂಗಸ್.

ಮಿಂಗಸ್ 1922ರ ಏಪ್ರಿಲ್ 22ರಂದು ಅರಿಜೋನಾ ಪ್ರಾಂತದ ನೊಗಾಲಿಸ್‌ನಲ್ಲಿ ಜನಿಸಿದನು. ತಂದೆ ಸೈನ್ಯದಲ್ಲಿ ಸಾರ್ಜೆಂಟ್. ಹೆತ್ತ ತಾಯಿ ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಬಾಲಕ ಬೆಳೆದುದು ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಬಡಾವಣೆಯಲ್ಲಿ. ಮನೆಯಲ್ಲಿ ಚರ್ಚಿನ ಸಂಗೀತಕ್ಕೆ ಮಾತ್ರ ಅವಕಾಶವಿತ್ತು. ಆದರೆ ಒಂದು ದಿನ ರೇಡಿಯೋದಲ್ಲಿ ಕೇಳಿದ ಡ್ಯೂಕ್ ಎಲಿಂಗ್ಟನ್‌ನ ವಾದ್ಯವೃಂದ ಅವನ ಮನಸ್ಸನ್ನು ಸೆರೆಹಿಡಿಯಿತು. ಭಕ್ತರು ಒಕ್ಕೊರಲಿನಿಂದ ಕೂಗಿ ಹಾಡುವ ಆ ಪ್ರಾರ್ಥನೆ, ಎಲಿಂಗ್ಟನ್‌ನ ನಾದವೈಭವ, ಇವೆರಡೂ ಮುಂದೆ ಅವನ ರಚನೆಗಳಲ್ಲಿ ಬೆರೆತು ಹರಿದವು.

ಮಿಂಗಸ್‌ಗೆ ಪ್ರಿಯವಾದ ವಾದ್ಯ ಚೆಲ್ಲೋ. ಆದರೆ ಅಂದಿನ ಶಾಸ್ತ್ರೀಯ ವಾದ್ಯವೃಂದಗಳಲ್ಲಿ ಕಪ್ಪು ಜನಾಂಗದ ಹುಡುಗನಿಗೆ ಸ್ಥಾನ ದೊರೆಯುವುದು ದುರ್ಲಭವಾಗಿತ್ತು. ಗೆಳೆಯನ ಸಲಹೆಯಂತೆ ಅವನು ಡಬಲ್ ಬಾಸ್ ಹಿಡಿದನು. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದಲ್ಲಿದ್ದ ಹರ್ಮನ್ ರೈನ್‌ಷಾಗನ್ ಎಂಬ ಗುರುವಿನ ಬಳಿ ಐದು ವರ್ಷ ಕಠಿಣ ಅಭ್ಯಾಸ ನಡೆಸಿದನು. ಲೂಯಿ ಆರ್ಮ್‌ಸ್ಟ್ರಾಂಗ್, ಲಯೊನೆಲ್ ಹ್ಯಾಂಪ್ಟನ್ ಮೊದಲಾದವರ ಮೇಳಗಳಲ್ಲಿ ನುಡಿಸಿ ಹೆಸರು ಗಳಿಸಿದನು. ಆದರೂ ಹೊಟ್ಟೆಪಾಡಿಗಾಗಿ ಅಂಚೆ ಕಚೇರಿಯಲ್ಲಿ ದುಡಿಯಬೇಕಾದ ದಿನಗಳೂ ಬಂದವು. 1952ರಲ್ಲಿ ಮ್ಯಾಕ್ಸ್ ರೋಚ್ ಎಂಬ ಡ್ರಂ ವಾದಕನೊಡನೆ ಸೇರಿ ಡೆಬ್ಯೂ ಎಂಬ ಧ್ವನಿಮುದ್ರಣ ಸಂಸ್ಥೆಯನ್ನೇ ಸ್ಥಾಪಿಸಿದನು. ತನ್ನ ಕಲೆಯ ಫಲ ಅನ್ಯರ ಪಾಲಾಗಬಾರದೆಂಬುದು ಅವನ ಸಂಕಲ್ಪ.

ಐವತ್ತರ ದಶಕದ ಮಧ್ಯದಲ್ಲಿ ಅವನು ಕಟ್ಟಿದ ಜಾಜ್ ವರ್ಕ್‌ಷಾಪ್ ನಿಜವಾದ ಅರ್ಥದಲ್ಲಿ ಒಂದು ಕಮ್ಮಟವಾಗಿತ್ತು. ಸ್ವರಲಿಪಿಯ ಹಾಳೆಗಳನ್ನು ಹಂಚುವ ಬದಲು ಮಿಂಗಸ್ ಪ್ರತಿಯೊಬ್ಬನ ಪಾಲನ್ನು ಪಿಯಾನೋದಲ್ಲಿ ನುಡಿಸಿ, ಬಾಯಲ್ಲಿ ಹಾಡಿ ಕಲಿಸುತ್ತಿದ್ದನು. ಕಿವಿಯಿಂದ ಕಲಿತದ್ದು ಕಲಾವಿದನ ಸ್ವಂತದ್ದಾಗಿ ಹೊರಹೊಮ್ಮುವುದೆಂದು ಅವನು ನಂಬಿದ್ದನು. ಗುರುಮುಖದಿಂದ ಪಾಠ, ಅದರ ಮೇಲೆ ಮನೋಧರ್ಮ ಎಂಬ ನಮ್ಮ ಸಂಗೀತ ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಸ್ಯಾಕ್ಸೊಫೋನ್ ನುಡಿಸುತ್ತಿದ್ದು, ಆಗತಾನೇ ಡ್ರಂ ಹಿಡಿದಿದ್ದ ಡ್ಯಾನಿ ರಿಚ್‌ಮಂಡ್ ಎಂಬ ತರುಣನು ಇಲ್ಲಿ ಪಳಗಿ, ಎರಡು ದಶಕಗಳ ಸಂಗಾತಿಯಾದನು.

ಅದೇ ಕಾಲದಲ್ಲಿ ಒಂದು ಶಾಲೆಯ ಪ್ರಸಂಗ ಅವನನ್ನು ಕೆರಳಿಸಿತು. 1957ರಲ್ಲಿ ಅರ್ಕನ್ಸಾ ಪ್ರಾಂತದ ಲಿಟ್ಲ್ ರಾಕ್ ನಗರದ ಪ್ರೌಢಶಾಲೆಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಬಾರದಂತೆ ತಡೆಯಲು ಗವರ್ನರ್ ಫಾಬಸ್ ಸೈನಿಕರನ್ನು ನಿಲ್ಲಿಸಿದನು. ಮಿಂಗಸ್ ಆತನನ್ನು ಗೇಲಿಮಾಡಿ ‘ಫೇಬಲ್ಸ್ ಆಫ್ ಫಾಬಸ್’ ರಚಿಸಿದನು. 1959ರ ಪ್ರಸಿದ್ಧ ಮುದ್ರಿಕೆ ‘ಮಿಂಗಸ್ ಆಹ್ ಉಮ್’ನಲ್ಲಿ ಅದು ಮಾತುಗಳಿಲ್ಲದೆ ಹೊರಬಂದಿತು. ಮರುವರ್ಷ ಬೇರೊಂದು ಚಿಕ್ಕ ಸಂಸ್ಥೆಗಾಗಿ ಅದನ್ನು ಮಾತುಗಳ ಸಮೇತ ಹಾಡಿ ಮುದ್ರಿಸಿದನು. 1963ರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ ಅವನ ಪ್ರತಿಭೆಯ ಶಿಖರಗಳಲ್ಲೊಂದು.

ಮಿಂಗಸ್‌ನ ಕೋಪ ಮಾತ್ರ ಅವನ ಕೀರ್ತಿಯಷ್ಟೇ ಪ್ರಸಿದ್ಧವಾಗಿತ್ತು. ಆರಾಧ್ಯನಾದ ಎಲಿಂಗ್ಟನ್‌ನ ಮೇಳದಿಂದ ಜಗಳದ ಕಾರಣಕ್ಕೆ ಹೊರಬೀಳಬೇಕಾಯಿತು. 1962ರಲ್ಲಿ ಟ್ರೊಂಬೋನ್ ವಾದಕ ಜಿಮ್ಮಿ ನೆಪರ್‌ನ ಬಾಯಿಗೆ ಹೊಡೆದು ಹಲ್ಲು ಮುರಿದನು. ಊದುವ ವಾದ್ಯದವನಿಗೆ ಅದು ಜೀವನೋಪಾಯಕ್ಕೇ ಬಿದ್ದ ಪೆಟ್ಟು. ಅನ್ಯಾಯವನ್ನು ಉಂಡವನು ತಾನೂ ಅನ್ಯಾಯ ಮಾಡಿದನೆಂಬುದನ್ನು ಅವನ ಚರಿತ್ರೆ ಮರೆಮಾಡುವಂತಿಲ್ಲ.

ನ್ಯೂಯಾರ್ಕಿನ ಗ್ರೇಟ್ ಜೋನ್ಸ್ ಬೀದಿಯ ಒಂದು ಮಾಳಿಗೆಯಲ್ಲಿ ಸಂಗೀತ ಶಾಲೆಯನ್ನು ತೆರೆಯಬೇಕೆಂಬುದು ಅವನ ಕನಸಾಗಿತ್ತು. 1966ರ ನವೆಂಬರಿನಲ್ಲಿ ಅವನನ್ನು ಅಲ್ಲಿಂದ ಹೊರಹಾಕಲಾಯಿತು. ಸಾಮಾನುಗಳು ಬೀದಿಗೆ ಬಂದವು. ಆ ದಿನದ ದೃಶ್ಯಗಳು ಒಂದು ಚಲನಚಿತ್ರದಲ್ಲಿ ಉಳಿದಿವೆ. ಶಾಲೆ ತೆರೆಯಲಿಲ್ಲ. ಕೆಲವು ವರ್ಷ ಅವನು ಸಂಗೀತದಿಂದಲೇ ಬಹುಮಟ್ಟಿಗೆ ದೂರವಾದನು. 1971ರಲ್ಲಿ ಆತ್ಮಕಥೆ ಪ್ರಕಟವಾಯಿತು. ಗುಗನ್‌ಹೈಮ್ ಗೌರವವೇತನ ಲಭಿಸಿತು. ಬಫಲೋದ ವಿಶ್ವವಿದ್ಯಾಲಯವು ಬೋಧನೆಗೆ ಆಹ್ವಾನಿಸಿತು.

1977ರಲ್ಲಿ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುವ ನರರೋಗವು ಪತ್ತೆಯಾಯಿತು. ಬೆರಳುಗಳು ಸೋತವು. ಆಗಲೂ ಗಾಲಿಕುರ್ಚಿಯಲ್ಲಿ ಕುಳಿತು, ರಾಗಗಳನ್ನು ಗುನುಗಿ ಧ್ವನಿಮುದ್ರಿಸಿ ರಚನೆ ಮುಂದುವರಿಸಿದನು. 1978ರ ಜೂನ್ 18ರಂದು ಶ್ವೇತಭವನದ ಜಾಜ್ ಸಮಾರಂಭದಲ್ಲಿ ನೆರೆದವರೆಲ್ಲ ಎದ್ದುನಿಂತು ಗೌರವಿಸಿದಾಗ ಆ ಉಗ್ರಸ್ವಭಾವದವನು ಅತ್ತುಬಿಟ್ಟನು. 1979ರ ಜನವರಿ 5ರಂದು ಮೆಕ್ಸಿಕೋದ ಕ್ವೆರ್ನವಾಕದಲ್ಲಿ ತನ್ನ 56ನೆಯ ವಯಸ್ಸಿನಲ್ಲಿ ಕಾಲವಶನಾದನು. ಪತ್ನಿ ಸೂ ಅವನ ಚಿತಾಭಸ್ಮವನ್ನು ಭಾರತಕ್ಕೆ ತಂದು ಗಂಗೆಯಲ್ಲಿ ವಿಸರ್ಜಿಸಿದಳು.

ಅವನು ಬಿಟ್ಟುಹೋದ ಕಾಗದಗಳಲ್ಲಿ ‘ಎಪಿಟಾಫ್’ ಎಂಬ ಎರಡು ಗಂಟೆಗೂ ಮಿಗಿಲಾದ ಬೃಹತ್ ಕೃತಿ ದೊರೆಯಿತು. 1962ರಲ್ಲಿ ಅದರ ಕೆಲವು ಭಾಗಗಳನ್ನು ನುಡಿಸಲು ಹೋಗಿ ಸಭೆಯೆದುರು ಸೋತಿದ್ದನು. 1989ರ ಜೂನ್ 3ರಂದು ನ್ಯೂಯಾರ್ಕಿನಲ್ಲಿ ಗುಂಥರ್ ಷುಲ್ಲರ್‌ನ ನಿರ್ದೇಶನದಲ್ಲಿ ಅದು ವಿಜೃಂಭಣೆಯಿಂದ ಸಾದರವಾಯಿತು. ಅವನ ಕಮ್ಮಟದಲ್ಲಿ ಪಳಗಿದ ಜ್ಯಾಕಿ ಮೆಕ್ಲೀನ್ ಹಾರ್ಟ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗವೊಂದನ್ನು ಕಟ್ಟಿದನು. ಜಾಕಿ ಬೈಯರ್ಡ್ ಬಾಸ್ಟನ್ನಿನಲ್ಲಿ ಅನೇಕ ವರ್ಷ ಪಾಠ ಹೇಳಿದನು. ಮಾಳಿಗೆಯ ಬಾಗಿಲು ಮುಚ್ಚಿದರೂ ಮಿಂಗಸ್‌ನ ಶಾಲೆ ಶಿಷ್ಯರ ಮೂಲಕ ನಡೆದುಬಂದಿತು. ವಿದ್ಯೆಗೆ ದುಡಿದವರ ಪಾಲಿಗೆ ಇದಕ್ಕಿಂತ ಮಿಗಿಲಾದ ಸ್ಮಾರಕ ಬೇರಿಲ್ಲ.