ಶ್ರೀಮತಿ ನಂಜನಗೂಡು ತಿರುಮಲಾಂಬಾ

ವಡಪಳನಿಯ ಹೋಟೆಲುಗಳಲ್ಲಿ ರಾತ್ರಿ ಬಾಗಿಲು ಹಾಕಿದ ಮೇಲೆ ನಮ್ಮ ಪತ್ರಿಕೆಯನ್ನು ಕೈಗೆತ್ತಿಕೊಳ್ಳುವ ವಾಚಕ ಬಂಧುಗಳಲ್ಲಿ ಎಷ್ಟು ಮಂದಿಗೆ ಈ ಹೆಸರು ಪರಿಚಿತವೋ ಅರಿಯೆವು. ಕನ್ನಡದಲ್ಲಿ ಪತ್ರಿಕೆ ನಡೆಸಿದ, ಗ್ರಂಥಮಾಲೆಯನ್ನು ಸ್ಥಾಪಿಸಿದ ಪ್ರಥಮ ಮಹಿಳೆಯೆಂದು ಪ್ರಸಿದ್ಧರಾದ ಈ ಮಹನೀಯರು ತಮ್ಮ ಬಾಳಿನ ಸಂಜೆಯನ್ನು ಕಳೆದದ್ದು ಇದೇ ಮದರಾಸು ನಗರದಲ್ಲಿ.

ತಿರುಮಲಾಂಬಾರವರು 1887ರ ಮಾರ್ಚ್ 25ರಂದು ನಂಜನಗೂಡಿನಲ್ಲಿ ಜನಿಸಿದರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಹತ್ತನೆಯ ವಯಸ್ಸಿನಲ್ಲಿ ವಿವಾಹ, ಹದಿನಾಲ್ಕರಲ್ಲಿ ವೈಧವ್ಯ. ಅಂದಿನ ಬ್ರಾಹ್ಮಣ ಮನೆತನಗಳಲ್ಲಿ ಬಾಲವಿಧವೆಯ ಪಾಡು ಏನಿತ್ತೆಂಬುದನ್ನು ನಮ್ಮ ಅಜ್ಜಿಯಂದಿರ ಬಾಯಿಂದ ಕೇಳಿದವರಿಗೆ ವಿವರಿಸಬೇಕಾದುದಿಲ್ಲ. ಶುಭಕಾರ್ಯಗಳಲ್ಲಿ ಆಕೆಗೆ ಸ್ಥಾನವಿಲ್ಲ; ಮನೆಯ ಒಳಕೋಣೆಯೇ ಆಕೆಯ ಲೋಕ. ಪುಣ್ಯಕ್ಕೆ ತಂದೆಯವರು ಮಗಳನ್ನು ಓದುಬರಹಕ್ಕೆ ಹಚ್ಚಿದರು. ಕಲಿತದ್ದನ್ನು ಆಕೆ ತಮ್ಮಲ್ಲಿಯೇ ಇಟ್ಟುಕೊಳ್ಳದೆ ನೆರೆಹೊರೆಯ ಹೆಣ್ಣುಮಕ್ಕಳನ್ನು ಮನೆಗೆ ಕರೆದು ಪಾಠ ಹೇಳಿದರು.

1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಆರಂಭವಾಯಿತು. ಅದರಲ್ಲಿ ಅಚ್ಚಾದ ಅವರ 'ಸುಶೀಲೆ' ಕಾದಂಬರಿಯನ್ನು ಜನರು ಆದರದಿಂದ ಕೊಂಡು ಓದಿದರು. ಪುನಃ ಪುನಃ ಮುದ್ರಣವಾಯಿತು. ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ, ಬಳಿಕ 'ಸನ್ಮಾರ್ಗದರ್ಶಿನಿ'. ಕಾಗದದ ಬೆಲೆ, ಅಚ್ಚುಕೂಟದ ಬಾಕಿ, ಅಂಚೆಯ ಖರ್ಚು, ಚಂದಾ ಕಳುಹಿಸದ ಚಂದಾದಾರರು — ಈ ಕಷ್ಟಗಳು ಹೋಟೆಲಿನ ಗಲ್ಲಾ ಬಿಟ್ಟು ಪತ್ರಿಕೆಗೆ ಬಂದ ಮೇಲೆ ನನಗೂ ತಿಳಿದಿವೆ. ಹೊರಗೆ ಓಡಾಡುವ ಸ್ವಾತಂತ್ರ್ಯವುಳ್ಳ ಗಂಡಸಿಗೇ ಇಷ್ಟು ದುಸ್ತರವಾದರೆ, ನೂರು ವರ್ಷಗಳಿಗೂ ಹಿಂದೆ ನಂಜನಗೂಡಿನ ವಿಧವೆಯೊಬ್ಬರು ಅದನ್ನು ಹೇಗೆ ನಿಭಾಯಿಸಿದರೋ!

ಅವರ ಕಥೆಗಳಲ್ಲಿ ಪಾತಿವ್ರತ್ಯದ ಬೋಧೆ ಅತಿಯಾಯಿತೆಂದು ಇಂದಿನವರು ಆಕ್ಷೇಪಿಸುವುದುಂಟು. ಆಕ್ಷೇಪ ಸುಳ್ಳಲ್ಲ. ಆದರೆ ಅಕ್ಷರವನ್ನೇ ಕಾಣದ ಹೆಂಗಸರ ಕೈಗೆ ಪುಸ್ತಕವನ್ನು ಕೊಡಬೇಕಾದರೆ, ಮನೆಯ ಹಿರಿಯರು ಬೇಡವೆನ್ನದ ಮಾತಿನಿಂದಲೇ ಆರಂಭಿಸಬೇಕಾಗಿತ್ತೆಂಬುದು ನನ್ನ ಎಣಿಕೆ.

ಅನಂತರ ಅವರ ಲೇಖನಿ ನಿಂತಿತು. ಮಾಸ್ತಿಯವರ ಕಟುವಾದ ವಿಮರ್ಶೆಯಿಂದ ನೊಂದು ಬರೆಯುವುದನ್ನೇ ಬಿಟ್ಟರೆಂದು ಹೇಳುತ್ತಾರೆ. ಊರನ್ನು ಬಿಟ್ಟು ಮದರಾಸಿಗೆ ಬಂದರು. ಕನ್ನಡ ನಾಡು ಅವರನ್ನು ಮರೆತೇಬಿಟ್ಟಿತು. ಈ ನಗರದಲ್ಲಿ ಆಗಲೂ ಸಾವಿರಾರು ಕನ್ನಡಿಗರು ದುಡಿಯುತ್ತಿದ್ದರು. ಆ ವೃದ್ಧೆ ಇದ್ದ ಬೀದಿಯಲ್ಲಿಯೇ ನಮ್ಮವರು ಯಾರಾದರೂ ದಿನವೂ ನಡೆದುಹೋಗಿರಬಹುದು; ಆಕೆ ಯಾರೆಂದು ಕೇಳಲಿಲ್ಲ. ಕೊನೆಗೆ ಬೆಂಗಳೂರಿನಿಂದ ಅರಸಿಕೊಂಡು ಬಂದವರು ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಡಾ. ಚಿ.ನ. ಮಂಗಳಾರವರು. ತಿರುಮಲಾಂಬಾರವರ ಬದುಕು ಬರಹಗಳು ಪುನಃ ಬೆಳಕಿಗೆ ಬಂದದ್ದು ಅವರ ಶ್ರಮದಿಂದ.

1982ರ ಆಗಸ್ಟ್ 31ರಂದು, ತೊಂಬತ್ತೈದನೆಯ ವಯಸ್ಸಿನಲ್ಲಿ, ತಿರುಮಲಾಂಬಾರವರು ದಿವಂಗತರಾದರು. ಅವರ ಹೆಸರಿನ ಪ್ರಶಸ್ತಿಯನ್ನು ಬೆಂಗಳೂರಿನ 'ಶಾಶ್ವತಿ' ಸಂಸ್ಥೆಯು ಲೇಖಕಿಯರಿಗೆ ನೀಡುತ್ತ ಬಂದಿದೆ. ಮದರಾಸಿನಲ್ಲಿ ಅವರ ಪರಿಚಯವಿದ್ದ ಹಿರಿಯರು ನಮ್ಮ ವಾಚಕರ ಮನೆಗಳಲ್ಲಿ ಯಾರಾದರೂ ಇದ್ದಲ್ಲಿ ದಯವಿಟ್ಟು ನಮ್ಮ ಕಾರ್ಯಾಲಯಕ್ಕೆ ಒಂದು ಕಾಗದ ಬರೆಯಬೇಕಾಗಿ ವಿನಂತಿ.