ಜಾನ್ ಆಲೆನ್ (ಮಾದರಿ ರೈಲು ನಿರ್ಮಾತೃ)

ಜಾನ್ ವಿಟ್ಬಿ ಆಲೆನ್ (ಜುಲೈ 2, 1913 – ಜನವರಿ 6, 1973) ಅಮೆರಿಕದ ಛಾಯಾಗ್ರಾಹಕರು ಹಾಗೂ ಮಾದರಿ ರೈಲು ನಿರ್ಮಾತೃ. ಕ್ಯಾಲಿಫೋರ್ನಿಯಾದ ಮಾಂಟೆರೆ ನಗರದ ತಮ್ಮ ಮನೆಯಲ್ಲಿ ಅವರು ನಿರ್ಮಿಸಿದ 'ಗೋರಿ ಅಂಡ್ ಡಿಫೀಟೆಡ್' ಎಂಬ ಕಿರುರೈಲು ವ್ಯವಸ್ಥೆಯು ಈ ಹವ್ಯಾಸದ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು. ರಕ್ತಸಿಕ್ತ ಹಾಗೂ ಪರಾಜಿತ ಎಂಬ ಅರ್ಥ ಬರುವಂತೆ ಉಚ್ಚರಿಸಲಾಗುವ ಈ ಹೆಸರು ಆಲೆನ್ ಅವರ ಹಾಸ್ಯಪ್ರಜ್ಞೆಗೆ ಸಾಕ್ಷಿಯಾಗಿದೆ.

ಜೀವನ

ಆಲೆನ್ ಮಿಸೌರಿ ರಾಜ್ಯದ ಜಾಪ್ಲಿನ್‌ನಲ್ಲಿ ಜನಿಸಿದರು. ವೃತ್ತಿಯಿಂದ ಛಾಯಾಗ್ರಾಹಕರಾಗಿದ್ದ ಅವರು 1940ರ ದಶಕದಲ್ಲಿ ಮಾಂಟೆರೆಯಲ್ಲಿ ನೆಲೆಸಿ ಮಾದರಿ ರೈಲಿನ ಕೆಲಸವನ್ನು ಆರಂಭಿಸಿದರು. ಸುಮಾರು 3.5 ಅಡಿ ಅಗಲ ಹಾಗೂ 6.5 ಅಡಿ ಉದ್ದದ ಚಿಕ್ಕ ಮಾದರಿ ಅವರ ಮೊದಲ ಪ್ರಯತ್ನವಾಗಿತ್ತು. 1950ರ ದಶಕದಲ್ಲಿ ಆರಂಭಿಸಿದ ಮೂರನೆಯ ಹಾಗೂ ಕೊನೆಯ ಮಾದರಿಯು ಒಂದು ದೊಡ್ಡ ಕೋಣೆಯನ್ನೇ ವ್ಯಾಪಿಸಿತು. ಮೊದಲ ಮಾದರಿಯನ್ನೂ ಅದರೊಳಗೆ ಸೇರಿಸಲಾಗಿತ್ತು.

ಹಳಿ ಮತ್ತು ಬಂಡಿಗಳ ನಿರ್ಮಾಣ

ಈ ರೈಲು ವ್ಯವಸ್ಥೆಯು ಎಚ್‌ಒ ಪ್ರಮಾಣದ್ದು. ಅಂದರೆ ನಿಜವಾದ ರೈಲಿನ 87ನೆಯ ಒಂದು ಭಾಗದಷ್ಟು ಗಾತ್ರದ್ದು. ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಆಲೆನ್ ಹಳಿಗಳನ್ನು ಕೈಯಿಂದಲೇ ಹಾಸುತ್ತಿದ್ದರು. ಈ ವಿಧಾನದಲ್ಲಿ ಮರದ ಸಣ್ಣ ಸ್ಲೀಪರ್‌ಗಳನ್ನು ಒಂದೊಂದಾಗಿ ಅಂಟಿಸಿ, ಜಲ್ಲಿಯಂತಹ ಹರಳುಗಳನ್ನು ಹರಡಿ, ಲೋಹದ ಹಳಿಯನ್ನು ಪುಟ್ಟ ಮೊಳೆಗಳಿಂದ ಬಿಗಿಯಲಾಗುತ್ತದೆ. ರೈಲು ದಾರಿ ಬದಲಿಸುವ ಪಾಯಿಂಟ್‌ಗಳಿಗೆ ಹಳಿಯ ತುದಿಯನ್ನು ಅರದಿಂದ ಉಜ್ಜಿ ಚೂಪುಗೊಳಿಸಬೇಕು. ಎಂಜಿನ್‌ಗೆ ವಿದ್ಯುತ್ತು ಹಳಿಗಳ ಮೂಲಕವೇ ಹರಿಯುವುದರಿಂದ, ಎರಡು ಹಳಿಗಳು ಪರಸ್ಪರ ತಾಗದಂತೆ ಎಚ್ಚರ ವಹಿಸಬೇಕಾಗುತ್ತದೆ. ಇದು ನಿಧಾನದ ಕೆಲಸವಾದರೂ, ಸಿದ್ಧ ಹಳಿಗಳು ಹೊಂದದ ತಿರುವುಗಳನ್ನು ಇದರಿಂದ ಸ್ಥಳಕ್ಕೆ ತಕ್ಕಂತೆ ರೂಪಿಸಬಹುದು.

ಎಂಜಿನ್ ಮತ್ತು ಗೂಡ್ಸ್ ಬಂಡಿಗಳು ಹೊಸದಾಗಿ ಹೊಳೆಯುವ ಆಟಿಕೆಗಳಂತೆ ಕಾಣುತ್ತಿದ್ದ ಕಾಲದಲ್ಲಿ, ಆಲೆನ್ ಅವುಗಳಿಗೆ ತುಕ್ಕು, ಮಸಿ, ಧೂಳು ಮತ್ತು ಮಾಸಿದ ಬಣ್ಣದ ರೂಪ ಕೊಟ್ಟರು. ದೀರ್ಘಕಾಲ ಬಿಸಿಲು ಮಳೆಯಲ್ಲಿ ದುಡಿದಂತೆ ಬಂಡಿಗಳನ್ನು ಕಾಣಿಸುವ ಈ ಕೌಶಲವನ್ನು ಜನಪ್ರಿಯಗೊಳಿಸಿದವರಲ್ಲಿ ಅವರು ಪ್ರಮುಖರು. ನೆಲದಿಂದ ಛಾವಣಿಯವರೆಗೆ ಏರುವ ಬೆಟ್ಟಗಳನ್ನು ನಿರ್ಮಿಸಿ, ಕನ್ನಡಿಗಳನ್ನು ಅಡಗಿಸಿಟ್ಟು ಕೋಣೆ ವಿಶಾಲವಾಗಿರುವಂತೆ ತೋರಿಸಿದರು. ಶಂಟಿಂಗ್ ಎಂಜಿನ್‌ನ ಬದಲಿಗೆ ಬಂಡಿಗಳನ್ನು ಎಳೆಯಲು ಡೈನೋಸಾರ್ ಒಂದನ್ನು ನಿಲ್ಲಿಸಿದ್ದು ಅವರ ವಿನೋದಗಳಲ್ಲಿ ಒಂದು.

ಆದರೂ ಅವರಿಗೆ ಇದು ಕೇವಲ ನೋಟದ ವಸ್ತುವಾಗಿರಲಿಲ್ಲ. ಗೆಳೆಯರೊಂದಿಗೆ ವೇಳಾಪಟ್ಟಿಯಂತೆ ರೈಲುಗಳನ್ನು ಓಡಿಸುತ್ತಿದ್ದರು. ಕಡಿಮೆ ಜಾಗದಲ್ಲಿ ಬಂಡಿಗಳನ್ನು ಜೋಡಿಸುವ 'ಟೈಮ್‌ಸೇವರ್' ಎಂಬ ಶಂಟಿಂಗ್ ಒಗಟನ್ನೂ ಅವರು ರೂಪಿಸಿದರು.

ನಿಧನ ಮತ್ತು ಅಗ್ನಿ ಅನಾಹುತ

ಆಲೆನ್ 1973ರ ಜನವರಿ 6ರಂದು ಹೃದಯಾಘಾತದಿಂದ ನಿಧನರಾದರು. ಆಗ ಅವರ ರೈಲುಮಾರ್ಗವು ಪೂರ್ಣಗೊಳ್ಳುವ ಹಂತಕ್ಕೆ ಸಮೀಪಿಸಿತ್ತು. ಹತ್ತು ದಿನಗಳ ಬಳಿಕ ಮನೆಯಲ್ಲಿ ಸಂಭವಿಸಿದ ಬೆಂಕಿಯಲ್ಲಿ ಅದರ ಬಹುಭಾಗ ನಾಶವಾಯಿತು. ಹೀಗಾಗಿ ಅದನ್ನು ಕಾಪಾಡುವ ಅಥವಾ ಬೇರೆಡೆಗೆ ಸಾಗಿಸುವ ಅವಕಾಶವೇ ಉಳಿಯಲಿಲ್ಲ.

ಪ್ರಭಾವ

ಮೂಲ ಕೃತಿ ಅಳಿದರೂ ಆಲೆನ್ ಅವರ ಹೆಸರು ಉಳಿಯಲು ಅವರ ಛಾಯಾಗ್ರಹಣವೇ ಮುಖ್ಯ ಕಾರಣ. ಅವರು ತೆಗೆದ ಚಿತ್ರಗಳು 'ಮಾಡೆಲ್ ರೈಲ್‌ರೋಡರ್' ಪತ್ರಿಕೆಯಲ್ಲಿಯೂ ವಾರ್ನಿ ಕಂಪನಿಯ ಜಾಹೀರಾತುಗಳಲ್ಲಿಯೂ ಪ್ರಕಟವಾಗಿ ದೂರದ ಹವ್ಯಾಸಿಗಳನ್ನು ತಲುಪಿದ್ದವು. ಆ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ರಚಿಸಿದ, ಆಲೆನ್ ಅವರ ಕೆಲಸವನ್ನು ಕುರಿತ ಗ್ರಂಥವು 1981ರಲ್ಲಿ ಹೊರಬಂದಿತು. ಮಾಸಿದ ಬಣ್ಣದ ಬಂಡಿಗಳು, ಎತ್ತರದ ಭೂದೃಶ್ಯ ಮತ್ತು ವೇಳಾಪಟ್ಟಿಯ ಸಂಚಾರ ಇಂದು ಮಾದರಿ ರೈಲು ನಿರ್ಮಾಣದ ಸಾಮಾನ್ಯ ಪದ್ಧತಿಗಳಾಗಿವೆ.