ನಾಲ್ಕೇ ತಂತಿಯಿಂದ ಶುರು ಮಾಡಿದ ಬಿಲ್ ಮನ್ರೋ

ಬ್ಯಾಂಜೊ, ಪಿಟೀಲು, ಗಿಟಾರ್, ಮ್ಯಾಂಡೊಲಿನ್, ಬಾಸ್ ಎಲ್ಲಾ ಸೇರಿ ಒಂದೇ ಉಸಿರಿಗೆ ಓಡುವ ಹಾಗೆ ನುಡಿಸುವ ಸಂಗೀತ ಬ್ಲೂಗ್ರಾಸ್. ಅಮೆರಿಕದ ಈ ಸಂಗೀತಕ್ಕೆ ಹೆಸರು ಬಂದಿದ್ದು ಬಿಲ್ ಮನ್ರೋ ಅವರ ತಂಡ 'ಬ್ಲೂ ಗ್ರಾಸ್ ಬಾಯ್ಸ್'ನಿಂದ. ಈ ಸಲ ನಾವು ಹೇಳಹೊರಟಿರೋದು ಅವರ ಕಥೆ.

ಮನ್ರೋ ಹುಟ್ಟಿದ್ದು 1911ರ ಸೆಪ್ಟೆಂಬರ್ 13ರಂದು, ಕೆಂಟಕಿಯ ರೋಸಿನ್ ಎಂಬ ಹಳ್ಳಿಯಲ್ಲಿ. ಎಂಟು ಮಕ್ಕಳಲ್ಲಿ ಕೊನೆಯವರು. ಪಿಟೀಲು, ಗಿಟಾರ್ ಎರಡನ್ನೂ ಅಣ್ಣಂದಿರು ಹಿಡಿದಾಗಿತ್ತು; ಇವರ ಪಾಲಿಗೆ ಉಳಿದದ್ದು ಮ್ಯಾಂಡೊಲಿನ್. ಅದರ ಎಂಟು ತಂತಿಗಳಲ್ಲೂ ನಾಲ್ಕನ್ನು ತೆಗೆಸಿದರು, ಜಾಸ್ತಿ ಸದ್ದು ಮಾಡ್ಬಾರ್ದು ಅಂತ! ಹತ್ತು ವರ್ಷಕ್ಕೆ ತಾಯಿ ಹೋದರು, ಹದಿನಾರಕ್ಕೆ ತಂದೆ. ಆಮೇಲೆ ಆಸರೆಯಾದವರು ಪಿಟೀಲು ನುಡಿಸುತ್ತಿದ್ದ ಸೋದರಮಾವ ಪೆನ್. ಬ್ಲೂಸ್‌ನ ರುಚಿ ಹತ್ತಿಸಿದವರು ಅರ್ನಾಲ್ಡ್ ಶುಲ್ಟ್ಸ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕ.

ಇಂಡಿಯಾನಾದ ತೈಲ ಶುದ್ಧೀಕರಣ ಘಟಕದಲ್ಲಿ ದುಡಿಯುತ್ತಲೇ ಸಂಗೀತ ಬೆಳೆಸಿಕೊಂಡ ಮನ್ರೋ, 1939ರಲ್ಲಿ ನ್ಯಾಶ್‌ವಿಲ್‌ನ 'ಗ್ರ್ಯಾಂಡ್ ಓಲ್ ಓಪ್ರಿ' ರೇಡಿಯೊ ಕಾರ್ಯಕ್ರಮ ಸೇರಿದರು. 1945ರ ಕೊನೆಗೆ ಮೂರು ಬೆರಳಲ್ಲಿ ಬ್ಯಾಂಜೊ ನುಡಿಸುವ ಅರ್ಲ್ ಸ್ಕ್ರಗ್ಸ್ ತಂಡಕ್ಕೆ ಬಂದರು. ಗಾಯಕ ಲೆಸ್ಟರ್ ಫ್ಲ್ಯಾಟ್ ಮೊದಲೇ ಇದ್ದರು. ನಾವು ಇವತ್ತು ಬ್ಲೂಗ್ರಾಸ್ ಅಂತ ಗುರುತಿಸೋ ನಾದ ಪಕ್ಕಾ ಆಗಿದ್ದು ಆಗಲೇ. ಆದರೆ 1948ರಲ್ಲಿ ಇಬ್ಬರೂ ಹೊರಟುಹೋಗಿ ತಮ್ಮದೇ ತಂಡ ಕಟ್ಟಿ ಹೆಸರು ಮಾಡಿದರು. ಮನ್ರೋ ಎಷ್ಟು ನೊಂದರೆಂದರೆ, ಫ್ಲ್ಯಾಟ್ ಜೊತೆ ರಾಜಿಯಾಗಿದ್ದು 1971ರಲ್ಲಿ.

1954ರಲ್ಲಿ ಎಲ್ವಿಸ್ ಪ್ರೀಸ್ಲಿ ಎಂಬ ಹತ್ತೊಂಬತ್ತರ ಹುಡುಗ ಮನ್ರೋ ಅವರ 'ಬ್ಲೂ ಮೂನ್ ಆಫ್ ಕೆಂಟಕಿ' ಹಾಡನ್ನು ತನ್ನದೇ ವೇಗದಲ್ಲಿ ಹಾಡಿದ. ಮೂಲ ಹಾಡು ನಿಧಾನದ ಮೂರೆಣಿಕೆಯ ವಾಲ್ಟ್ಜ್. ಬೇರೆಯವರಾಗಿದ್ದರೆ ಹಾಡು ಕೆಡಿಸಿದ ಅಂತ ಸಿಟ್ಟಾಗ್ತಿದ್ದರೇನೋ. ಮನ್ರೋ ಅದೇ ವರ್ಷ ಹಾಡನ್ನು ಮತ್ತೆ ಧ್ವನಿಮುದ್ರಿಸಿದರು: ಶುರುವಿನಲ್ಲಿ ಹಳೇ ವಾಲ್ಟ್ಜ್, ನಡುವೆ ಜಿಗಿದು ನಾಲ್ಕೆಣಿಕೆಯ ಓಟ!

ಆದರೂ ರಾಕ್ ಅಂಡ್ ರೋಲ್ ಅಬ್ಬರದಲ್ಲಿ ಅವರ ಕಚೇರಿಗಳು ಸೊರಗಿದವು. ಮತ್ತೆ ಕೈ ಹಿಡಿದದ್ದು ನಮ್ಮಂಥ ಕಾಲೇಜು ಹುಡುಗರು. 1963ರಲ್ಲಿ ರಾಲ್ಫ್ ರಿಂಜ್ಲರ್ ಮ್ಯಾನೇಜರ್ ಆಗಿ ಮನ್ರೋ ಅವರನ್ನು ಹೊಸ ಪೀಳಿಗೆಯ ಜಾನಪದ ಸಂಗೀತಪ್ರಿಯರ ಮುಂದೆ ನಿಲ್ಲಿಸಿದರು. ಅದೇ ವರ್ಷ ಬಿಲ್ ಕೀತ್ ಎಂಬ ಪದವೀಧರ ಬ್ಯಾಂಜೊದಲ್ಲಿ ಪಿಟೀಲಿನ ಧಾಟಿಗಳನ್ನೇ ಸ್ವರ ಬಿಡದೆ ನುಡಿಸುತ್ತಾ ತಂಡಕ್ಕೆ ಬಂದ. ತಂಡದಲ್ಲಿ ಒಬ್ಬನೇ ಬಿಲ್ ಇರಬೇಕು ಅಂತ ಅವನನ್ನು ಬ್ರ್ಯಾಡ್ ಅಂತ ಕರೆದರಂತೆ. ಹೆಸರು ಬದಲಾಯಿಸಿದರೇ ಹೊರತು ಅವನ ಹೊಸ ಶೈಲಿಯನ್ನಲ್ಲ. ಆ ಹೊಸತನ್ನು ಕೇಳಲು ಬಂದವರು ಹಳೇ ಮನ್ರೋಗೂ ಕಿವಿಗೊಟ್ಟರು.

1985ರಲ್ಲಿ ಯಾರೋ ಮನೆಗೆ ನುಗ್ಗಿ ಅವರ ಪ್ರೀತಿಯ ಗಿಬ್ಸನ್ ಮ್ಯಾಂಡೊಲಿನ್ ಅನ್ನು ಒಡೆದು ಚೂರು ಮಾಡಿದರು. ಗಿಬ್ಸನ್ ಕುಶಲಕರ್ಮಿ ಆ ಚೂರುಗಳನ್ನೆಲ್ಲ ಜೋಡಿಸಿಕೊಟ್ಟ ಮೇಲೆ ಮನ್ರೋ ಅದನ್ನೇ ಮತ್ತೆ ನುಡಿಸಿದರು. 1996ರ ಸೆಪ್ಟೆಂಬರ್ 9ರಂದು ತೀರಿಕೊಂಡರು.

ಬ್ಲೂಗ್ರಾಸ್ ಹೊಸದಾದರೆ ಮೊದಲು ಎಲ್ವಿಸ್ ಹಾಡಿದ್ದು ಕೇಳಿ, ಆಮೇಲೆ ಮನ್ರೋ ಅವರ 1954ರದ್ದು, ಕೊನೆಗೆ 1946ರ ಮೂಲ. ಹೊಸದರಿಂದ ಹಳೆಯದಕ್ಕೆ ನಡೆದುಹೋಗೋ ದಾರಿ ಅದೇ.